ಮೂಕಸಾಕ್ಷಿಗಳು

ಚಲಚ್ಚಿತ್ರವು ಹುಟ್ಟಿದಾಗ ಅದಕ್ಕೆ ಮಾತು ಬಂದಿರಲಿಲ್ಲ. 1895ನೆಯ ಇಸವಿ ಡಿಸೆಂಬರ್ 28ರಂದು ಪ್ಯಾರಿಸ್ ನಗರದಲ್ಲಿ ಲ್ಯೂಮಿಯೇರ್ ಸಹೋದರರು ಹಣ ಪಡೆದು ಜನರಿಗೆ ತೋರಿಸಿದ ಮೊದಲ ಚಿತ್ರಗಳಲ್ಲಿ ರಾಜರೂ ಇರಲಿಲ್ಲ, ರಾಕ್ಷಸರೂ ಇರಲಿಲ್ಲ. ಕಾರ್ಖಾನೆಯ ಬಾಗಿಲಿನಿಂದ ಕೆಲಸಗಾರರು ಹೊರಬರುವುದು, ತಾಯಿತಂದೆಗಳು ಕೂಸಿಗೆ ಉಣಿಸುವುದು, ಇಂತಹ ದಿನನಿತ್ಯದ ನೋಟಗಳೇ ಅಲ್ಲಿದ್ದವು. ಮಾರನೆಯ ವರ್ಷ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದವರು ಮೊದಲು ಕಂಡುದೂ ಈ ಬಗೆಯ ಚಿತ್ರಗಳನ್ನೇ. ಕಥೆ ಹೇಳುವ ವಿದ್ಯೆಯು ಚಿತ್ರಕ್ಕೆ ಆಮೇಲೆ ಬಂದಿತು; ಮಾತಾಡುವ ವಿದ್ಯೆಯು ಅದಕ್ಕೂ ತಡವಾಗಿ ಬಂದಿತು. ಕಣ್ಣೆದುರು ನಡೆದುದನ್ನು ಇದ್ದಂತೆ ಹಿಡಿದು ಮೌನವಾಗಿ ತೋರಿಸುವುದೇ ಅದರ ಮೊದಲ ಕಸುಬು.

ಈ ಕಸುಬನ್ನು ಅವಲಂಬಿಸಿದ ಚಿತ್ರಗಳಿಗೆ ಕನ್ನಡದಲ್ಲಿ ಸಾಕ್ಷ್ಯಚಿತ್ರಗಳೆಂದು ಹೆಸರಾಗಿದೆ. ಹೆಸರು ಅರ್ಥವತ್ತಾದುದು. ನ್ಯಾಯಸ್ಥಾನದಲ್ಲಿ ಸಾಕ್ಷಿಯಾದವನು ಮೊದಲು ತನ್ನ ಹೆಸರನ್ನೂ ಊರನ್ನೂ ಹೇಳಬೇಕು. ಯಾವ ದಿನ, ಯಾವ ಸ್ಥಳದಲ್ಲಿ, ಏನನ್ನು ಕಂಡೆನೆಂದು ಅನಂತರ ಹೇಳಬೇಕು. ಮಾತುಳ್ಳ ಸಾಕ್ಷ್ಯಚಿತ್ರದಲ್ಲಿ ನಿರೂಪಕನು ಈ ಕೆಲಸವನ್ನು ಮಾಡುತ್ತಾನೆ. ನಿರೂಪಕನಿಲ್ಲದೆ, ಸಂಭಾಷಣೆಯಿಲ್ಲದೆ, ದೃಶ್ಯವನ್ನೂ ಸಂಗೀತವನ್ನೂ ಮಾತ್ರ ನೆಚ್ಚಿಕೊಂಡ ಚಿತ್ರಗಳೂ ಉಂಟು. ಅವು ಮೂಕಸಾಕ್ಷಿಗಳು. ಕಂಡುದನ್ನು ಯಾವ ಭಾಷೆಯ ಜನಕ್ಕಾದರೂ ತೋರಿಸಬಲ್ಲವು. ಎಲ್ಲಿ ಕಂಡೆವು, ಯಾರನ್ನು ಕಂಡೆವು ಎಂಬುದನ್ನು ಹೇಳಲಾರವು. ಅವುಗಳ ಶಕ್ತಿಯೂ ಕೊರತೆಯೂ ಒಂದೇ ಮೌನದಿಂದ ಹುಟ್ಟಿದವು. ಕರ್ಣಾಟಕದ ಅನುಭವದಲ್ಲಿಯೇ ಇದಕ್ಕೆ ನಿದರ್ಶನ ದೊರೆಯುತ್ತದೆ.

1934ನೆಯ ಇಸವಿ ಮಾರ್ಚ್ 3ರಂದು ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡು ಕನ್ನಡಕ್ಕೆ ವಾಕ್ಚಿತ್ರ ಬಂದಿತು. ಅದಕ್ಕೆ ಮೊದಲು ನಮ್ಮ ನಾಡಿನಲ್ಲಿ ತಯಾರಾದುವೆಲ್ಲ ಮೂಕಚಿತ್ರಗಳು. ಮೋಹನ ಭವನಾನಿಯವರು 1931ರಲ್ಲಿ ಶೂದ್ರಕನ ಮೃಚ್ಛಕಟಿಕವನ್ನು ‘ವಸಂತಸೇನಾ’ ಎಂಬ ಚಿತ್ರವಾಗಿ ಮಾಡಿದರು. ಏಣಾಕ್ಷಿ ರಾಮರಾಯರೂ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದರಲ್ಲಿ ಪಾತ್ರ ವಹಿಸಿದರು. ಶಿವರಾಮ ಕಾರಂತರೂ ಅದೇ ಕಾಲದಲ್ಲಿ ‘ಡೊಮಿಂಗೊ’ ಎಂಬ ಮೂಕಚಿತ್ರದ ಪ್ರಯೋಗಕ್ಕೆ ಕೈಹಾಕಿದರು. ಇವುಗಳನ್ನು ಇಂದು ನೋಡೋಣವೆಂದರೆ ಸಾಧ್ಯವಿಲ್ಲ. ಚಿತ್ರಗಳು ಹೋದವು, ಅವುಗಳ ವಿಷಯದಲ್ಲಿ ಯಾರೋ ಬರೆದಿಟ್ಟ ನಾಲ್ಕು ಮಾತು ಮಾತ್ರ ಉಳಿಯಿತು.

ಇದು ಕನ್ನಡನಾಡಿಗೆ ಮಾತ್ರ ಬಂದ ನಷ್ಟವಲ್ಲ. ಭಾರತದಲ್ಲಿ ಸುಮಾರು 1300 ಮೂಕಚಿತ್ರಗಳು ತಯಾರಾದುವೆಂದು ಎಣಿಕೆ. ಉಳಿದುಕೊಂಡವು ಮೂವತ್ತರ ಆಸುಪಾಸು, ಅವುಗಳಲ್ಲಿಯೂ ಹಲವು ಬರಿಯ ತುಣುಕುಗಳು. ಆ ಕಾಲದ ಫಿಲ್ಮು ನೈಟ್ರೇಟ್ ಎಂಬ ಪದಾರ್ಥದಿಂದಾದುದು. ಅದು ಕಿಡಿ ತಾಗಿದರೆ ಹೊತ್ತಿಕೊಳ್ಳುವುದು. ಸೆಕೆಯಲ್ಲಿಟ್ಟರೆ ತಾನಾಗಿಯೇ ಕೊಳೆತು ಪುಡಿಯಾಗುವುದು. ಅದರಲ್ಲಿ ಅಷ್ಟಿಷ್ಟು ಬೆಳ್ಳಿಯಿದ್ದುದರಿಂದ ಹಳೆಯ ಸುರುಳಿಗಳನ್ನು ಬೆಳ್ಳಿಗಾಗಿ ಮಾರಿದವರೂ ಉಂಟು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಿತ್ರಭಂಡಾರವು ಸ್ಥಾಪಿತವಾಗಿ, ಪಿ. ಕೆ. ನಾಯರ್ ಅವರು ಊರೂರು ಅಲೆದು ಸುರುಳಿಗಳನ್ನು ಕೂಡಿಹಾಕತೊಡಗುವ ವೇಳೆಗೆ ಬಹುಪಾಲು ಕೈಬಿಟ್ಟು ಹೋಗಿತ್ತು.

ಹೋದುವುಗಳ ನಡುವೆ ಉಳಿದ ಒಂದು ಚಿತ್ರ ಮೈಸೂರಿಗೆ ಸಂಬಂಧಪಟ್ಟುದು. ‘ನಾನೂಕ್ ಆಫ್ ದಿ ನಾರ್ತ್’ ಎಂಬ 1922ರ ಚಿತ್ರದಿಂದ ಉತ್ತರದ ಹಿಮಪ್ರದೇಶದ ಜನರ ಬಾಳನ್ನು ಲೋಕಕ್ಕೆ ತೋರಿಸಿ ಕೀರ್ತಿ ಪಡೆದಿದ್ದ ರಾಬರ್ಟ್ ಫ್ಲಾಹರ್ಟಿಯು 1935ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದನು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವನನ್ನು ಕಳುಹಿಸಿದ್ದನು. ಕಿಪ್ಲಿಂಗ್ ಬರೆದ ಆನೆಯ ಹುಡುಗನ ಕಥೆಯೊಂದು ಅವರಿಗೆ ಆಧಾರವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಆನೆಗಳನ್ನೂ ಮಾವುತರನ್ನೂ ಒದಗಿಸಿತು. ಕಾರಾಪುರದ ಕಾಡಿನ ಮಗ್ಗುಲಲ್ಲಿ ಹುಟ್ಟಿದ, ಮಾವುತನೊಬ್ಬನ ಮಗನಾದ ಸಾಬು ಎಂಬ ಬಾಲಕನು ಅರಮನೆಯ ಆನೆಲಾಯದಲ್ಲಿದ್ದನು; ಕಥಾನಾಯಕನ ಪಾತ್ರಕ್ಕೆ ಅವನನ್ನೇ ಆರಿಸಿದರು.

ಫ್ಲಾಹರ್ಟಿಯ ರೀತಿ ಹೀಗೆ: ಮೊದಲೇ ಬರೆದ ಕಥೆಯನ್ನು ಬದಿಗಿಟ್ಟು, ಒಂದು ನೆಲದಲ್ಲಿ ತಿಂಗಳುಗಟ್ಟಲೆ ನೆಲಸಿ, ಅಲ್ಲಿನ ಜನರೂ ಪ್ರಾಣಿಗಳೂ ತಾವಾಗಿ ಮಾಡುವುದನ್ನು ನೋಡುತ್ತ ಕಾಯುವುದು. ಆನೆಯು ಹೊಳೆಯಲ್ಲಿ ಮೀಯುವುದು, ಹುಡುಗನು ಅದರ ಸೊಂಡಿಲನ್ನು ಮೆಟ್ಟಿ ಮೇಲೇರುವುದು, ಕಾಡಾನೆಗಳ ಹಿಂಡನ್ನು ಬೇಲಿಯೊಳಕ್ಕೆ ಅಟ್ಟುವ ಕೆಡ್ಡಾದ ಕೋಲಾಹಲ, ಇವೆಲ್ಲವನ್ನೂ ಅವನು ಹೀಗೆಯೇ ಚಿತ್ರಿಸಿದನು. ಈ ನೋಟಗಳಿಗೆ ಮಾತು ಬೇಕಾಗಿರಲಿಲ್ಲ. ಆದರೆ ಲಂಡನ್ನಿನವರಿಗೆ ಕಥೆ ಬೇಕಾಗಿತ್ತು. ಡೆನ್‌ಹ್ಯಾಮಿನ ಸ್ಟುಡಿಯೋದಲ್ಲಿ ಜೋಲ್ಟನ್ ಕೋರ್ಡಾ ಸಂಭಾಷಣೆಯ ಭಾಗಗಳನ್ನು ತೆಗೆದು ಸೇರಿಸಿದನು. ಮೈಸೂರಿನ ಮಾವುತನ ಮಗನು ಅಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದನು. ‘ಎಲಿಫೆಂಟ್ ಬಾಯ್’ ಎಂಬ ಹೆಸರಿನಿಂದ 1937ರಲ್ಲಿ ಹೊರಬಂದ ಆ ಚಿತ್ರಕ್ಕೆ ವೆನಿಸ್ ನಗರದ ಉತ್ಸವದಲ್ಲಿ ನಿರ್ದೇಶನದ ಬಹುಮಾನ ಬಂದಿತು. ಈಗ ಅದನ್ನು ನೋಡುವವರು ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದಂತಾಗುತ್ತದೆ. ಸ್ಟುಡಿಯೋದ ಮಾತು ಹಳತಾಗಿದೆ. ಕಾಡಿನ ಮೌನ ಹಳತಾಗಿಲ್ಲ.

ಆ ಮೌನಭಾಗದ ಬೆಲೆ ಕಾಲಕ್ರಮದಲ್ಲಿ ಹೆಚ್ಚಿತು. ಮೈಸೂರು ಸೀಮೆಯಲ್ಲಿ ಕೆಡ್ಡಾ ಪದ್ಧತಿಯನ್ನು ಸ್ಯಾಂಡರ್ಸನ್ ಎಂಬ ಅಧಿಕಾರಿಯು 1873–74ರಲ್ಲಿ ಆರಂಭಿಸಿದನು. ಕಾಕನಕೋಟೆಯಲ್ಲಿ ಕೊನೆಯ ಕೆಡ್ಡಾ ನಡೆದುದು 1971ರಲ್ಲಿ. 1974ರಲ್ಲಿ ಕಬಿನಿ ಜಲಾಶಯವು ಪೂರ್ಣವಾಗಿ, ಆ ಹೊಳೆಯ ದಡದ ಕಾಡೂ ಊರುಗಳೂ ಎಷ್ಟೋ ನೀರಿನಡಿಯಾದವು. ಪದ್ಧತಿಯು ನಿಂತಿತು, ನೆಲವು ಮುಳುಗಿತು. ಪಳಗಿದ ಆನೆಯೊಡನೆ ಮನುಷ್ಯನು ಹೇಗೆ ಒಡನಾಡುತ್ತಿದ್ದನೆಂಬುದಕ್ಕೆ ಆ ಚಿತ್ರದ ಕೆಲವು ನಿಮಿಷಗಳು ಸಾಕ್ಷಿಯಾಗಿ ನಿಂತಿವೆ. ಇಲ್ಲಿಯೇ ಮೂಕಸಾಕ್ಷಿಯ ಕೊರತೆಯೂ ಕಾಣುತ್ತದೆ. ಸಾಬುವು ಅಮೆರಿಕಕ್ಕೆ ಹೋಗಿ ಪ್ರಸಿದ್ಧನಾಗಿ 1963ರಲ್ಲಿ ತೀರಿಕೊಂಡನು. ಅವನ ಹೆಸರು ಉಳಿಯಿತು. ಜೀವದ ಹಂಗು ತೊರೆದು ಕಾಡಾನೆಗಳ ನಡುವೆ ಹಗ್ಗ ಹಿಡಿದು ನಡೆದ ಮಾವುತರು ಯಾರು? ಚಿತ್ರವು ಅವರ ಮುಖವನ್ನು ತೋರಿಸುತ್ತದೆ, ಹೆಸರನ್ನು ಹೇಳುವುದಿಲ್ಲ. ಫ್ಲಾಹರ್ಟಿಯ ಪತ್ನಿ ಫ್ರಾನ್ಸೆಸ್ ಮೈಸೂರಿನ ವಾಸವನ್ನು ಕುರಿತು ‘ಎಲಿಫೆಂಟ್ ಡ್ಯಾನ್ಸ್’ ಎಂಬ ಪುಸ್ತಕವನ್ನು 1937ರಲ್ಲಿಯೇ ಪ್ರಕಟಿಸಿದಳು. ಚಿತ್ರವು ಹೇಗಾಯಿತೆಂದು ತಿಳಿಯಬೇಕಾದವರು ಆ ಪುಸ್ತಕವನ್ನೇ ಆಶ್ರಯಿಸಬೇಕು.

ಇಷ್ಟರಲ್ಲಿ ಯೂರೋಪಿನಲ್ಲಿ ಕೆಲವರು ಮೌನವನ್ನು ಬೇಕೆಂದೇ ಆರಿಸಿಕೊಂಡಿದ್ದರು. ವಾಲ್ಟರ್ ರುಟ್‌ಮನ್ನನು 1927ರಲ್ಲಿ ಬರ್ಲಿನ್ ನಗರದ ಒಂದು ದಿನವನ್ನು ಬೆಳಗಿನಿಂದ ರಾತ್ರಿಯ ವರೆಗೆ ವಾದ್ಯಮೇಳದಂತೆ ಹೊಂದಿಸಿ ತೋರಿಸಿದನು. ಜಿಗಾ ವೆರ್ಟೋವನು 1929ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ ಚಿತ್ರದಲ್ಲಿ, ಮೂಕಚಿತ್ರಗಳ ನಡುನಡುವೆ ಬರುತ್ತಿದ್ದ ಬರಹದ ಫಲಕಗಳನ್ನೂ ಕಿತ್ತುಹಾಕಿದನು. ಧ್ವನಿಯು ಬಂದ ಮೇಲೆಯೂ ಈ ಪರಂಪರೆ ನಿಲ್ಲಲಿಲ್ಲ. ಗಾಜು ಊದುವವರ ಕೈಕೆಲಸವನ್ನೂ ಯಂತ್ರದ ಕೆಲಸವನ್ನೂ ಎದುರುಬದುರಾಗಿಟ್ಟು ಹಾಲೆಂಡಿನ ಬರ್ಟ್ ಹಾನ್‌ಸ್ಟ್ರಾ 1958ರಲ್ಲಿ ಮಾಡಿದ ‘ಗ್ಲಾಸ್’ ಎಂಬ ಕಿರುಚಿತ್ರವು ಒಂದು ಮಾತನ್ನೂ ಆಡದೆ ಆಸ್ಕರ್ ಬಹುಮಾನವನ್ನು ಗಳಿಸಿತು.

ನಮ್ಮ ದೇಶದಲ್ಲಿ ಇದಕ್ಕೆ ವಿರುದ್ಧವಾದ ರೂಢಿಯೇ ಬಲವಾಗಿತ್ತು. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಷನ್ ಎಂಬ ಸರ್ಕಾರಿ ಇಲಾಖೆಯ ಚಿತ್ರಗಳನ್ನು ಪ್ರತಿಯೊಂದು ಚಿತ್ರಮಂದಿರದಲ್ಲಿಯೂ ಕಥಾಚಿತ್ರಕ್ಕೆ ಮೊದಲು ತೋರಿಸಬೇಕಾಗಿತ್ತು. ಅಣೆಕಟ್ಟಾಗಲಿ, ಬರಗಾಲವಾಗಲಿ, ಗಣರಾಜ್ಯೋತ್ಸವವಾಗಲಿ, ಎಲ್ಲದರ ಮೇಲೂ ಒಂದು ಗಂಭೀರ ಕಂಠವು ವಿವರಣೆಯನ್ನು ಸುರಿಸುತ್ತಿತ್ತು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಆ ವಿವರಣೆ ತಯಾರಾಗುತ್ತಿತ್ತು. ನೋಡುವವನು ತಾನಾಗಿ ಏನನ್ನೂ ಕಾಣಬೇಕಾದ ಅಗತ್ಯವೇ ಇರಲಿಲ್ಲ. ಈ ಇಲಾಖೆಗಾಗಿಯೇ ಎಸ್. ಸುಖದೇವ್ ಅವರು ‘ಇಂಡಿಯಾ 67’ ಎಂಬ ಚಿತ್ರವನ್ನು ವಿವರಣೆಯಿಲ್ಲದೆ ಮಾಡಿದರು. ಸ್ವಾತಂತ್ರ್ಯದ ಇಪ್ಪತ್ತು ವರ್ಷಗಳ ಮೇಲೆ ದೇಶವು ಹೇಗಿದೆ ಎಂಬ ಪ್ರಶ್ನೆಗೆ ಉತ್ತರವನ್ನು ಹೇಳಿಕೊಡದೆ, ದೃಶ್ಯದ ಪಕ್ಕದಲ್ಲಿ ದೃಶ್ಯವನ್ನಿಟ್ಟು ತೀರ್ಪನ್ನು ಪ್ರೇಕ್ಷಕರಿಗೆ ಬಿಟ್ಟರು. ಮಾತಿಲ್ಲದ ಚಿತ್ರವು ನೋಡುವವನನ್ನು ಪ್ರೌಢನೆಂದು ಭಾವಿಸುತ್ತದೆ. ಅದರ ದೊಡ್ಡ ಗುಣವೇ ಇದು.

ಈ ಗುಣವನ್ನು ಇಡೀ ಲೋಕವು ಗುರುತಿಸಿದುದು ಅಮೆರಿಕದ ಗಾಡ್‌ಫ್ರಿ ರೆಜಿಯೋ ಅವರ ‘ಕೊಯಾನಿಸ್ಕಾಟ್ಸಿ’ ಚಿತ್ರದಿಂದ. ಹದಿನಾಲ್ಕು ವರ್ಷ ಕ್ರೈಸ್ತ ಸಂನ್ಯಾಸಿಗಳ ಸಂಘದಲ್ಲಿದ್ದು ಹೊರಬಂದವರು ರೆಜಿಯೋ. 1982ರಲ್ಲಿ ಮೊದಲು ಪ್ರದರ್ಶಿತವಾದ ಈ ಚಿತ್ರದ ಹೆಸರು ಹೋಪಿ ಎಂಬ ಮೂಲನಿವಾಸಿಗಳ ನುಡಿಯದು. ಹದಗೆಟ್ಟ ಬಾಳು, ಸಮತೂಕ ತಪ್ಪಿದ ಬಾಳು ಎಂದು ಅದರ ಅರ್ಥ. ನಮ್ಮ ಮಾತುಗಳು ಸವೆದುಹೋಗಿ ಲೋಕವನ್ನು ಬಣ್ಣಿಸುವ ಶಕ್ತಿಯನ್ನು ಕಳೆದುಕೊಂಡಿವೆಯೆಂಬುದು ಅವರ ನಂಬಿಕೆ. ಆದುದರಿಂದ ಚಿತ್ರದಲ್ಲಿ ಬಂಡೆ, ಮೋಡ, ಹೆದ್ದಾರಿ, ಕಾರ್ಖಾನೆ, ಕುಸಿಯುವ ಕಟ್ಟಡ, ಇವು ಮಾತ್ರ ಇವೆ. ಜೊತೆಗೆ ಫಿಲಿಪ್ ಗ್ಲಾಸರ ಸಂಗೀತ. ಛಾಯಾಗ್ರಾಹಕರಾಗಿದ್ದ ರಾನ್ ಫ್ರಿಕ್ ಆಮೇಲೆ ತಾವೇ 24 ದೇಶಗಳಲ್ಲಿ ಸುತ್ತಿ 1992ರಲ್ಲಿ ‘ಬರಾಕಾ’ ಚಿತ್ರವನ್ನೂ, 25 ದೇಶಗಳಲ್ಲಿ ಸುತ್ತಿ 2011ರಲ್ಲಿ ‘ಸಂಸಾರ’ ಚಿತ್ರವನ್ನೂ ಮಾಡಿದರು. ಕಾಶಿಯ ಘಟ್ಟವೂ ಕುವೈತಿನಲ್ಲಿ ಉರಿಯುವ ಎಣ್ಣೆಬಾವಿಗಳೂ ‘ಬರಾಕಾ’ದಲ್ಲಿ ಒಂದೇ ಮಾಲೆಯ ಮಣಿಗಳಂತೆ ಬರುತ್ತವೆ.

ಮೂಕಸಾಕ್ಷಿಗೆ ಹಳೆಯ ತೊಡಕು ಇಲ್ಲಿಯೂ ತಪ್ಪಲಿಲ್ಲ. ‘ಕೊಯಾನಿಸ್ಕಾಟ್ಸಿ’ಯ ಹಕ್ಕುಗಳು ಕೈಯಿಂದ ಕೈಗೆ ಹೋಗಿ, 1990ರ ದಶಕದ ಬಹುಭಾಗ ಅದು ಅಂಗಡಿಯಲ್ಲಿ ದೊರೆಯಲಿಲ್ಲ, ಚಿತ್ರವನ್ನು ತಯಾರಿಸಿದ ಸಂಸ್ಥೆಯು ಚಂದಾ ಕೊಟ್ಟ ಅಭಿಮಾನಿಗಳಿಗೆ ಪ್ರತಿಗಳನ್ನು ಒದಗಿಸಿತು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರಸೂಚಿಗೆ ಅದು ಸೇರಿತು. 2002ರಲ್ಲಿ ಮತ್ತೆ ಮಾರಾಟಕ್ಕೆ ಬಂದಿತು. ನಡುವಿನ ವರ್ಷಗಳಲ್ಲಿ ಅದರ ಹೆಸರು ಅಳಿಯದಂತೆ ನೋಡಿಕೊಂಡವರು ಅಭಿಮಾನಿಗಳು. ‘ಬರಾಕಾ’ದ ಪರದೆಯ ಮೇಲೆ ಯಾವ ಊರಿನ ಹೆಸರೂ ಕಾಣಿಸಿಕೊಳ್ಳದು, ಈ ದೇಗುಲ ಯಾವ ದೇಶದ್ದು, ಈ ಕುಣಿತ ಯಾವ ದ್ವೀಪದ್ದು ಎಂದು ದೃಶ್ಯಕ್ಕೆ ದೃಶ್ಯ ಹೊಂದಿಸಿ ಪಟ್ಟಿಮಾಡಿದವರೂ ಅವರೇ. ಇದು ಸಂಬಳವಿಲ್ಲದ ಕೆಲಸ. ಹೊರಗಿನವರ ಕಣ್ಣಿಗೆ ಕೊಂಚ ಹುಚ್ಚಿನಂತೆಯೂ ಕಾಣುವ ಕೆಲಸ. ತಾಳೆಗರಿಯ ಅಂಚಿನಲ್ಲಿ ಟಿಪ್ಪಣಿ ಬರೆದಿಟ್ಟ ಹಿಂದಿನವರ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಕನ್ನಡನಾಡಿಗೂ ಇಂತಹ ಸೇವೆ ಅಪರಿಚಿತವಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿಯೂ, ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಮ್ ಚಿತ್ರಸಮಾಜವೂ ಹುಟ್ಟಿ ಲೋಕದ ಉತ್ತಮ ಚಿತ್ರಗಳನ್ನು ಜನರಿಗೆ ಕಾಣಿಸಿದವು. ಚಿತ್ರವನ್ನು ನೋಡುವುದೂ ಒಂದು ವಿದ್ಯೆಯೆಂದು ಕೆ. ವಿ. ಸುಬ್ಬಣ್ಣನವರು ಮಲೆನಾಡಿನ ಹಳ್ಳಿಯೊಂದರಲ್ಲಿ ಕೂತು ಸಾಧಿಸಿ ತೋರಿಸಿದರು. ಬೇರೆ ದೇಶದವರ ಚಿತ್ರಗಳನ್ನು ನೋಡಲು ಕಲಿತುದಾಯಿತು. ನಮ್ಮ ನೆಲದ ನೋಟಗಳನ್ನು ಕಾಪಾಡುವ ಕೆಲಸವು ಅಷ್ಟಾಗಿ ನಡೆದಿಲ್ಲ.

ಕಾಕನಕೋಟೆಯ ಕಾಡು ನೀರಿನಲ್ಲಿ ಮುಳುಗಿದಂತೆ ಬೆಂಗಳೂರಿನ ಪೂರ್ವದಿಕ್ಕಿನ ಹಳ್ಳಿಗಳು ಕಟ್ಟಡಗಳಲ್ಲಿ ಮುಳುಗಿವೆ. ವಿಮಾನ ಕಾರ್ಖಾನೆಗೂ ವೈಟ್‌ಫೀಲ್ಡಿಗೂ ನಡುವೆ ಇರುವ ಮಾರತ್ತಹಳ್ಳಿಯನ್ನು ನೋಡಬಹುದು. ಒಂದು ತಲೆಮಾರಿನೊಳಗೆ ಹೊಲಗಳಿದ್ದ ಕಡೆ ಹೊರವರ್ತುಲ ರಸ್ತೆಯೂ ಗಾಜಿನ ಕಚೇರಿಗಳೂ ಎದ್ದವು. ರೆಜಿಯೋ ಅವರು ಅಮೆರಿಕದ ಹೆದ್ದಾರಿಗಳಲ್ಲಿ ಹಿಡಿದ ದೀಪಗಳ ಹೊಳೆಯನ್ನು ಅಲ್ಲಿ ಪ್ರತಿ ಸಂಜೆಯೂ ಕಾಣಬಹುದು. ಅಲ್ಲಿಗೆ ಸಮೀಪದ ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಲ್ಲಿ ಬೆಂಕಿ ಹತ್ತಿದಾಗ, ನೀರು ಉರಿಯುವ ಆ ನೋಟಕ್ಕೆ ನಿರೂಪಕನ ಅವಶ್ಯಕತೆ ಇರಲಿಲ್ಲ. ಆದರೆ ಹಳೆಯ ಹಳ್ಳಿಯ ನೆನಪು ಎಷ್ಟು ಬೇಗ ಅಳಿಯುತ್ತದೆಂಬುದಕ್ಕೆ ಆ ಊರಿನ ಹೆಸರೇ ನಿದರ್ಶನ. ವಿಮಾನ ಕಾರ್ಖಾನೆಯಲ್ಲಿ ತಯಾರಾದ ಮಾರುತ್ ವಿಮಾನದಿಂದ ಮಾರತ್ತಹಳ್ಳಿಗೆ ಹೆಸರು ಬಂದಿತೆಂದು ಹೇಳುವವರು ಅನೇಕರು. ಆ ವಿಮಾನವು ಮೊದಲು ಹಾರಿದುದು 1961ರಲ್ಲಿ. ಹಳ್ಳಿಯೂ ಅದರ ಹೆಸರೂ ಅದಕ್ಕಿಂತ ಹಳೆಯವು. ಬರೆದಿಟ್ಟುದನ್ನು ಓದುವವರಿಲ್ಲದ ಕಡೆ ಕಟ್ಟುಕಥೆಯು ಬಂದು ನೆಲಸಲು ಅರ್ಧ ಶತಮಾನವೂ ಬೇಕಾಗುವುದಿಲ್ಲ.

ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಚಿತ್ರಯಂತ್ರವುಂಟು. ಜಾತ್ರೆ, ಕೆರೆ, ಗದ್ದೆ, ಅಜ್ಜಿಯ ಅಡುಗೆಮನೆ, ಯಾವುದನ್ನೂ ಹಿಡಿಯದೆ ಬಿಡುತ್ತಿಲ್ಲ. ಫ್ಲಾಹರ್ಟಿಯ ಕಾಲದಲ್ಲಿ ಒಬ್ಬನಿಗೆ ಸಾಧ್ಯವಿದ್ದುದು ಈಗ ಲಕ್ಷಾಂತರ ಜನರಿಗೆ ಸಾಧ್ಯ. ಹಿಡಿದ ನೋಟದೊಡನೆ ಊರು, ದಿನ, ಇರುವವರ ಹೆಸರು, ಇಷ್ಟನ್ನು ಬರೆದಿಡುವ ಅಭ್ಯಾಸ ಮಾತ್ರ ಮನೆಗಳಲ್ಲಿ ಬೆಳೆದಿಲ್ಲ. ಜಿಲ್ಲೆಯ ಸಂಘಗಳೂ ಗ್ರಂಥಾಲಯಗಳೂ ತಮ್ಮ ತಮ್ಮ ಊರಿನ ಹಳೆಯ ಸುರುಳಿ, ಟೇಪು, ಭಾವಚಿತ್ರಗಳನ್ನು ಕೂಡಿಸಿ, ಅವುಗಳಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಕೇಳಿ ಪಟ್ಟಿಮಾಡಬೇಕು. ಕಾಕನಕೋಟೆಯ ಮಾವುತರ ಹೆಸರುಗಳನ್ನು ಕೇಳಬೇಕಾಗಿದ್ದ ಕಾಲ ಕಳೆದುಹೋಯಿತು. ಕೆರೆಯ ದಂಡೆಯಲ್ಲಿ ಹೊಲ ಉತ್ತವರನ್ನು ಕೇಳುವುದಕ್ಕೆ ಇನ್ನೂ ಕೆಲವು ವರ್ಷಗಳ ಅವಕಾಶವುಂಟು.