ದಾರಿ ಕೊಟ್ಟವನ ಹಕ್ಕು

ಮಳೆಗಾಲದಲ್ಲಿ ಮಡಿಕೇರಿಯ ಕಡೆಯಿಂದ ನಾಪೋಕ್ಲಿಗೆ ಹೋದವರು ಎರಡು ಸಂಗತಿಗಳನ್ನು ಗಮನಿಸದೆ ಇರಲಾರರು. ಒಂದು, ಭಾಗಮಂಡಲದಿಂದ ಇಳಿದು ಬರುವ ಕಾವೇರಿ. 2018 ಮತ್ತು 2019ರ ಮಳೆಗಾಲಗಳಲ್ಲಿ ಅದು ದಡ ಮೀರಿ, ನಾಪೋಕ್ಲಿನ ಬಳಿಯ ಚೆರಿಯಪರಂಬಿನ ಮನೆಗಳನ್ನು ಹೊಕ್ಕಿತು. ಮತ್ತೊಂದು, ಕಾಫಿತೋಟದ ಮರಗಳ ನಡುವೆ ನುಸುಳಿ ಹೋಗುವ ವಿದ್ಯುತ್ತಿನ ತಂತಿ. ಗಾಳಿಗೆ ಒಂದು ಕೊಂಬೆ ಮುರಿದು ಅದರ ಮೇಲೆ ಬಿದ್ದಿತೆಂದರೆ ಊರಿಗೆ ಊರೇ ಕತ್ತಲಾಗುತ್ತದೆ. ನದಿಯು ಯಾರನ್ನೂ ಕೇಳಿ ತನ್ನ ದಾರಿಯನ್ನು ಮಾಡಿಕೊಂಡದ್ದಲ್ಲ. ತಂತಿಯ ಮಾತು ಹಾಗಲ್ಲ. ಅದು ಒಬ್ಬರ ನೆಲದ ಮೇಲೆ ಹಾದು ಮತ್ತೊಬ್ಬರ ಮನೆಗೆ ಬೆಳಕನ್ನು ಒಯ್ಯುತ್ತದೆ. ಆ ದಾರಿಯನ್ನು ಕೊಟ್ಟವರಾರು, ಯಾವ ಕರಾರಿನ ಮೇಲೆ ಕೊಟ್ಟರು, ಕೊಟ್ಟದ್ದಕ್ಕೆ ಅವರಿಗೆ ಉಳಿದದ್ದೇನು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ನೀರು, ದೀಪ, ಟ್ರಾಮು, ತಂತಿ ಮೊದಲಾದ ಸಾರ್ವಜನಿಕ ಅನುಕೂಲಗಳು ಊರಿಗೆ ಬರಬೇಕಾದರೆ ಮೂರು ಕಾಗದಗಳು ಬೇಕು. ಈ ಊರಿನಲ್ಲಿ ಈ ಉದ್ಯಮವನ್ನು ಇಷ್ಟು ಕಾಲ ನಡೆಸಬಹುದು ಎನ್ನುವ ಸನ್ನದು ಮೊದಲನೆಯದು. ಅಗೆದ ಬೀದಿಯನ್ನು ಮೊದಲಿನಂತೆ ಮುಚ್ಚಿಕೊಡುತ್ತೇವೆ, ತಪ್ಪಿದರೆ ಇಟ್ಟ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು ಎನ್ನುವ ಮುಚ್ಚಳಿಕೆ ಎರಡನೆಯದು. ಈ ಬೀದಿಯಲ್ಲಿ, ಈ ಹೊಲದಲ್ಲಿ ಹಾದುಹೋಗಬಹುದು ಎನ್ನುವ ದಾರಿಯ ಅಪ್ಪಣೆ ಮೂರನೆಯದು. ಇವುಗಳಲ್ಲಿ ಮೊದಲೆರಡರ ಚರಿತ್ರೆಯಲ್ಲಿ ಸಾರ್ವಜನಿಕರ ಪರವಾಗಿ ಯಾರೋ ಒಬ್ಬರು ಎಚ್ಚರವಾಗಿದ್ದರು. ಮೂರನೆಯದರಲ್ಲಿ ಆ ಎಚ್ಚರ ಬಹಳ ತಡವಾಗಿ ಬಂದಿತು. ನಾವು ಹೇಳಬೇಕೆಂದಿರುವುದು ಇಷ್ಟೇ.

ಸನ್ನದಿನ ವಿಚಾರವನ್ನು ಮೊದಲು ನೋಡೋಣ. ಬೀದಿಯು ಸರ್ವರ ಸ್ವತ್ತು. ಅದರಲ್ಲಿ ಕಂಬಿ ಹಾಸಿ ಲಾಭ ಪಡೆಯುವವನಿಗೆ ಅದನ್ನು ಶಾಶ್ವತವಾಗಿ ಬಿಟ್ಟುಕೊಡಲಾಗದು ಎಂಬ ತತ್ತ್ವವನ್ನು ಇಂಗ್ಲೆಂಡಿನವರು 1870ರ ಟ್ರಾಮ್ ಮಾರ್ಗಗಳ ಕಾಯಿದೆಯಲ್ಲಿ ಬರೆದರು. 21 ವರ್ಷಗಳಾದ ಮೇಲೆ ಊರಿನ ಆಡಳಿತವು ಆ ಮಾರ್ಗವನ್ನು ಕೊಂಡುಕೊಳ್ಳಬಹುದಾಗಿತ್ತು. 1882ರ ವಿದ್ಯುದ್ದೀಪಗಳ ಕಾಯಿದೆಯಲ್ಲಿಯೂ ಅದೇ ಅವಧಿ ಇದ್ದಿತು. ಅದು ಸಾಲದೆಂದು ಹಣ ಹೂಡುವವರು ಹಿಂಜರಿದುದರಿಂದ 1888ರಲ್ಲಿ ಅದನ್ನು 42 ವರ್ಷಗಳಿಗೆ ಏರಿಸಿದರು. ಭಾರತದ 1910ರ ವಿದ್ಯುಚ್ಛಕ್ತಿ ಕಾಯಿದೆ ಇದೇ ಜಾಡಿನಲ್ಲಿ ನಡೆಯಿತು. ಸನ್ನದಿನಲ್ಲಿ ಹೇಳಿದ, 50 ವರ್ಷಗಳನ್ನು ಮೀರದ ಅವಧಿ ಮುಗಿದಾಗ ಉದ್ಯಮವನ್ನು ಕೊಂಡುಕೊಳ್ಳುವ ಹಕ್ಕನ್ನು ಅದು ಸ್ಥಳೀಯ ಆಡಳಿತಕ್ಕೆ ಉಳಿಸಿಕೊಟ್ಟಿತು. ಹೀಗೆ ಉಳಿಸಿಕೊಂಡ ಹಕ್ಕು ಕಾಗದದ ಮೇಲಿನ ಮಾತಾಗಿಯೇ ಉಳಿಯಲಿಲ್ಲ. ಬೊಂಬಾಯಿಯ ಕಾರ್ಪೊರೇಷನ್ನಿನವರು ತಮ್ಮ ನಗರದ ವಿದ್ಯುತ್ತನ್ನೂ ಟ್ರಾಮನ್ನೂ ಕಂಪೆನಿಯಿಂದ 1947ರ ಆಗಸ್ಟ್ 7ರಂದು ತಮ್ಮ ಕೈಗೆ ತೆಗೆದುಕೊಂಡರು.

ಮೈಸೂರು ಸಂಸ್ಥಾನವು ಮತ್ತೊಂದು ದಾರಿಯನ್ನು ಹಿಡಿಯಿತು. ಕಾವೇರಿಯ ಜಲಪಾತದಿಂದ ಶಕ್ತಿ ತೆಗೆಯುವ ಆಲೋಚನೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊಳೆತಾಗ, ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಸರ್ಕಾರವು ಆ ಕೆಲಸವನ್ನು ಯಾವ ಕಂಪೆನಿಗೂ ಸನ್ನದು ಬರೆದುಕೊಡದೆ ತಾನೇ ಕೈಗೊಂಡಿತು. ನಾಪೋಕ್ಲಿನ ಮಗ್ಗುಲಲ್ಲಿ ಹರಿದ ನೀರೇ ಮುಂದೆ ಶಿವನಸಮುದ್ರದಲ್ಲಿ ಚಕ್ರವನ್ನು ತಿರುಗಿಸಿತು. 1902ರ ಜೂನ್ ತಿಂಗಳಲ್ಲಿ, ಸುಮಾರು 92 ಮೈಲಿಗಳ ತಂತಿಯ ಮೇಲೆ, ಆ ಶಕ್ತಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ದಿವಾನರು ಅದನ್ನು ನೋಡಲು ಉಳಿದಿರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಗಣಿಯವರು ಇಲ್ಲಿ ಶಕ್ತಿಯನ್ನು ಕೊಳ್ಳುವ ಗಿರಾಕಿಗಳೇ ಹೊರತು ಜಲಪಾತದ ಒಡೆಯರಲ್ಲ. ನದಿಯ ಹಕ್ಕು ಸಂಸ್ಥಾನದಲ್ಲಿಯೇ ಉಳಿಯಿತು.

ಮುಚ್ಚಳಿಕೆಯ ವಿಷಯದಲ್ಲಿಯೂ ಎಚ್ಚರ ಕಡಮೆಯಾಗಲಿಲ್ಲ. ದೂರವಾಣಿಯ ಕೇಬಲ್ಲುಗಳಿಗಾಗಿ 2016ರಲ್ಲಿ ಹೊರಟ ದಾರಿಯ ಹಕ್ಕಿನ ನಿಯಮಗಳು, ಅಗೆದ ನೆಲವನ್ನು ಸರಿಪಡಿಸುವುದಕ್ಕೆ ಬ್ಯಾಂಕಿನ ಜಾಮೀನನ್ನು ಕೇಳಲು ಬೀದಿಯ ಆಡಳಿತಕ್ಕೆ ಅವಕಾಶ ಕೊಟ್ಟುವು. ಜತೆಗೆ, 60 ದಿನಗಳೊಳಗಾಗಿ ಉತ್ತರ ಬಾರದಿದ್ದರೆ ಅಪ್ಪಣೆ ದೊರೆತಂತೆಯೇ ಎಂದೂ ಹೇಳಿದುವು. ಇಂಗ್ಲಿಷಿನಲ್ಲಿ ಬಾಂಡ್ ಎಂಬ ಮಾತಿಗೆ ಸಾಲಪತ್ರವೆಂಬ ಇನ್ನೊಂದು ಅರ್ಥವೂ ಉಂಟಷ್ಟೆ. ಬೆಂಗಳೂರು ಮಹಾನಗರ ಪಾಲಿಕೆಯು 1997ರಲ್ಲಿ 125 ಕೋಟಿ ರೂಪಾಯಿಗಳನ್ನು ಅಂತಹ ಪತ್ರಗಳ ಮೇಲೆ ಎತ್ತಿದಾಗ, ಸಾಲಿಗರ ಧೈರ್ಯಕ್ಕಾಗಿ ರಾಜ್ಯ ಸರ್ಕಾರವೇ ಹೊಣೆ ನಿಂತಿತು. ಬೀದಿಯನ್ನು ಕೊಟ್ಟ ಆಡಳಿತಕ್ಕೆ ಜಾಮೀನು ಉಂಟು, ಹಣ ಕೊಟ್ಟ ಸಾಹುಕಾರನಿಗೂ ಜಾಮೀನು ಉಂಟು. ತನ್ನ ನೆಲದಲ್ಲಿ ದಾರಿ ಕೊಟ್ಟ ಬೇಸಾಯಗಾರನಿಗೆ ಏನುಂಟು?

ಇದಕ್ಕೆ ಉತ್ತರವನ್ನು 1885ರ ಭಾರತೀಯ ತಂತಿ ಕಾಯಿದೆಯಲ್ಲಿ ಹುಡುಕಬೇಕು. ಅದರ ಹತ್ತನೆಯ ಪ್ರಕರಣದಂತೆ, ಅಧಿಕಾರಿಯು ಯಾರ ನೆಲದಲ್ಲಿಯಾದರೂ ಕಂಬ ನೆಟ್ಟು ತಂತಿ ಎಳೆಯಬಹುದು. ನೆಲವನ್ನು ಕೊಳ್ಳಬೇಕಾದದ್ದಿಲ್ಲ, ಬಳಸುವ ಹಕ್ಕು ಮಾತ್ರ ಸರ್ಕಾರಕ್ಕೆ ಬರುತ್ತದೆ, ಒಡೆತನ ಒಡೆಯನಲ್ಲಿಯೇ ಉಳಿಯುತ್ತದೆ. ಆದಷ್ಟು ಕಡಮೆ ನಷ್ಟ ಮಾಡಬೇಕು, ಆದ ನಷ್ಟವನ್ನು ಪೂರ್ತಿಯಾಗಿ ತುಂಬಿಕೊಡಬೇಕು. ಒಡೆಯನು ಅಡ್ಡಿ ಮಾಡಿದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ದಾರಿ ಬಿಡಿಸುತ್ತಾರೆ. ಪರಿಹಾರ ಸಾಲದೆಂದು ತೋರಿದರೆ ಅವನು ಜಿಲ್ಲಾ ನ್ಯಾಯಾಧೀಶರಲ್ಲಿ ಮೊರೆಯಿಡಬಹುದು. 2003ರ ವಿದ್ಯುಚ್ಛಕ್ತಿ ಕಾಯಿದೆಯ 164ನೆಯ ಪ್ರಕರಣವು ಇದೇ ಅಧಿಕಾರವನ್ನು ವಿದ್ಯುತ್ ಮಾರ್ಗ ಎಳೆಯುವವರಿಗೂ ಒಪ್ಪಿಸಲು ಅನುವು ಮಾಡಿತು. 2023ರ ದೂರಸಂಪರ್ಕ ಕಾಯಿದೆ ಹಳೆಯ ತಂತಿ ಕಾಯಿದೆಯ ಸ್ಥಾನಕ್ಕೆ ಬಂದಾಗಲೂ, ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯದರ ಆ ಭಾಗವನ್ನು ಜೀವಂತವಾಗಿಯೇ ಉಳಿಸಿದರು.

ಕಾಯಿದೆ ಹುಟ್ಟಿದ ಕಾಲಕ್ಕೆ ಈ ಏರ್ಪಾಡು ಅನ್ಯಾಯವಾಗಿ ತೋರಿರಲಾರದು. ಸುದ್ದಿ ಒಯ್ಯುವ ತೆಳುವಾದ ತಂತಿಯ ಅಡಿಯಲ್ಲಿ ಬತ್ತವೂ ರಾಗಿಯೂ ಎಂದಿನಂತೆ ಬೆಳೆಯುತ್ತವೆ. ಆದರೆ 400 ಕಿಲೋವೋಲ್ಟಿನ ಮಹಾಮಾರ್ಗವು 46 ಮೀಟರ್ ಅಗಲದ ಪಟ್ಟಿಯನ್ನು ಬೇಡುತ್ತದೆ. ಒಂದು ಕಿಲೋಮೀಟರ್ ಸಾಗುವುದರೊಳಗೆ ಅದು ಹನ್ನೊಂದು ಎಕರೆಗೂ ಹೆಚ್ಚು ನೆಲವನ್ನು ತನ್ನ ಕಟ್ಟಳೆಗೆ ಒಳಪಡಿಸುತ್ತದೆ. ಆ ಪಟ್ಟಿಯಲ್ಲಿ ಎತ್ತರದ ಮರ ಇರಕೂಡದು. ಬಯಲುಸೀಮೆಯಲ್ಲಿ ಇದು ಹೊರೆಯಾಗದಿರಬಹುದು. ಕೊಡಗಿನಲ್ಲಿ ಮರವೆಂದರೆ ತೋಟದ ಚಾವಣಿ. ಕಾಫಿಗಿಡ ಕುಳ್ಳು, ಅದರಿಂದ ತಂತಿಗೆ ಬಾಧಕವಿಲ್ಲ. ಆದರೆ ಅದು ಬದುಕುವುದು ಸಿಲ್ವರ್ ಓಕ್, ಹಲಸು, ಅತ್ತಿಗಳ ನೆರಳಿನಲ್ಲಿ. ಮೆಣಸಿನ ಬಳ್ಳಿ ಹಬ್ಬುವುದೂ ಆ ಮರಗಳನ್ನೇ ತಬ್ಬಿ. ಆದಕಾರಣ ಇಲ್ಲಿ ಮರವನ್ನು ಕಡಿದರೆ ನೆಲದ ಒಡೆತನ ಉಳಿಯುತ್ತದೆ, ತೋಟ ಉಳಿಯುವುದಿಲ್ಲ. ಇದರ ಮೇಲೆ ಕೊಡಗಿಗೇ ಪ್ರತ್ಯೇಕವಾದ ತೊಡಕು ಇನ್ನೊಂದುಂಟು. ಮರದ ಬೆಲೆಯನ್ನು ಸರ್ಕಾರಕ್ಕೆ ತೆತ್ತು ಬಿಡಿಸಿಕೊಳ್ಳದ ಹಿಡುವಳಿಗಳಲ್ಲಿ ನಾಟಾ ಮರದ ಹಕ್ಕು ಹಿಡುವಳಿದಾರನದಲ್ಲ. ಮರವನ್ನು ತಲೆತಲಾಂತರದಿಂದ ಕಾದವನೊಬ್ಬ, ಅದರ ಬೆಲೆಗೆ ಬಾಧ್ಯನಾದವನು ಮತ್ತೊಬ್ಬ.

ಇವು ಬರಿಯ ಊಹೆಯ ಮಾತುಗಳಲ್ಲ. ಮೈಸೂರಿನಿಂದ ಕೇರಳದ ಕೋಳಿಕ್ಕೋಡಿಗೆ 400 ಕಿಲೋವೋಲ್ಟಿನ ಮಾರ್ಗವನ್ನು ದಕ್ಷಿಣ ಕೊಡಗಿನ ತೋಟಗಳ ಮೇಲೆ ಎಳೆದಾಗ ಸಾವಿರಗಟ್ಟಲೆ ಮರಗಳು ಉರುಳಿದುವು. ಬೆಳೆಗಾರರೂ ಕೊಡಗು ವನ್ಯಜೀವಿ ಸಂಘದವರೂ ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಮಾರ್ಗವು 2015ರಲ್ಲಿ ಪೂರ್ಣವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ಮಾರ್ಗದರ್ಶಿ ಸೂತ್ರಗಳನ್ನು ಹೊರಡಿಸಿತು. ಗೋಪುರದ ಬುಡದ ನೆಲಕ್ಕೆ ಅದರ ಬೆಲೆಯ ನೂರಕ್ಕೆ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ನೂರಕ್ಕೆ 15 ಪರಿಹಾರವೆಂದು ಅವು ಸೂಚಿಸಿದುವು. 2024ರಲ್ಲಿ ಇವು ನೂರಕ್ಕೆ 200 ಮತ್ತು 30 ಆದುವು. ಬುಡ ಮಾತ್ರವೇ ಅಲ್ಲದೆ ಪಟ್ಟಿಯೂ ಬೆಲೆಯುಳ್ಳ ನೆಲವೆಂಬುದನ್ನು ಲೆಕ್ಕದಲ್ಲಿ ಒಪ್ಪಿಕೊಳ್ಳಲು 1885ರಿಂದ 130 ವರ್ಷಗಳು ಹಿಡಿದುವು. ಒಪ್ಪಿದುದು ಸಂತೋಷವೇ. ಆದರೆ ನೂರಕ್ಕೆ ಇಷ್ಟು ಎಂಬ ಲೆಕ್ಕವು ಬಯಲಿನ ಹೊಲಕ್ಕೂ ನೆರಳಿನ ತೋಟಕ್ಕೂ ಒಂದೇ ಆದರೆ, ಮತ್ತೆ ಬೆಳೆಯಲಾಗದ ನೆರಳಿಗೆ ಅದರಲ್ಲಿ ಸ್ಥಳವೆಲ್ಲಿ?

ಪ್ರತಿಪಕ್ಷದ ಮಾತನ್ನೂ ನಾವು ಮರೆಯಬಾರದು. ಪ್ರತಿಯೊಬ್ಬ ಒಡೆಯನೂ ಒಲ್ಲೆನೆಂದರೆ ತಂತಿ ಎಲ್ಲಿಗೂ ಹೋಗದು. ನಾಪೋಕ್ಲಿನ ಮನೆಗಳಲ್ಲಿ ದೀಪ ಉರಿಯುವುದಾದರೂ ದಾರಿಯುದ್ದಕ್ಕೂ ಇತರರು ತಮ್ಮ ನೆಲದಲ್ಲಿ ಎಡೆ ಕೊಟ್ಟದ್ದರಿಂದಲೇ. ಕೋಲಾರದ ಗಣಿಗೂ ಬೆಂಗಳೂರಿನ ಬೀದಿಗೂ ಬೆಳಕು ಹೋದದ್ದು ಹೀಗೆಯೇ. ಆದುದರಿಂದ ದಾರಿ ಕೊಡಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಕಂಬ ನೆಡುವುದಕ್ಕೆ ಮೊದಲೇ ದಾರಿ ಕೊಡುವವನನ್ನು ಕರೆದು ಕೇಳಬೇಕು; ಬೇರೆ ಜಾಡು ಇದ್ದರೆ ಅದನ್ನು ನೋಡಬೇಕು; ಆ ಸೀಮೆಯ ಬೇಸಾಯವನ್ನು ತಿಳಿದು ನಷ್ಟವನ್ನು ಎಣಿಸಬೇಕು. ಜಲಪಾತದ ವಿಷಯದಲ್ಲಿ ಒಂದು ಸಂಸ್ಥಾನವು ತನ್ನ ಹಕ್ಕನ್ನು ಎಷ್ಟು ಜಾಗರೂಕತೆಯಿಂದ ಉಳಿಸಿಕೊಂಡಿತೋ, ಅಷ್ಟೇ ಜಾಗರೂಕತೆಯಿಂದ ಹತ್ತು ಎಕರೆಯ ತೋಟದವನ ಹಕ್ಕನ್ನೂ ಉಳಿಸಿಕೊಡುವುದು ಸರ್ಕಾರಕ್ಕೆ ಅಸಾಧ್ಯವೇನೂ ಅಲ್ಲ. ಮಳೆಯ ರಾತ್ರಿ ಹೋದ ದೀಪ ಮರಳಿ ಬಂದಾಗ, ಅದು ಯಾರ ನೆಲವನ್ನು ಹಾದು ಬಂದಿತೆಂದು ಒಂದು ಗಳಿಗೆ ನೆನೆಯುವುದು ನಮಗೂ ಅಸಾಧ್ಯವಲ್ಲ.