ಒಂದು ಅಂಚುಬರಹದ ಸಾಕ್ಷ್ಯಬಲ: ಡಿಸೆಂಬರ್ 25ರ ಪ್ರಶ್ನೆ

ಕ್ರಿಸ್ತಜಯಂತಿಯನ್ನು ಡಿಸೆಂಬರ್ 25ಕ್ಕೆ ನಿಯಮಿಸಿದುದು ರೋಮನರ ಸೂರ್ಯೋತ್ಸವವನ್ನು ಮರೆಮಾಡುವ ಉದ್ದೇಶದಿಂದಲೇ ಎಂದು ಸಾಧಿಸಹೊರಟವರು ಕಟ್ಟಕಡೆಗೆ ಆಶ್ರಯಿಸುವುದು ಒಂದು ಸಿರಿಯಾಕ್ ಉಕ್ತಿಯನ್ನು. ಸೂರ್ಯನ ಜನ್ಮದಿನದಂದು ದೀಪ ಹಚ್ಚಿ ಸಂಭ್ರಮಿಸುತ್ತಿದ್ದವರೊಡನೆ ಕ್ರೈಸ್ತರೂ ಬೆರೆಯುತ್ತಿದ್ದುದನ್ನು ಕಂಡು, ಜನವರಿ 6ರಂದು ನಡೆಯುತ್ತಿದ್ದ ಜನ್ಮೋತ್ಸವವನ್ನು ಸಭೆಯ ಗುರುಗಳು ಆ ದಿನಕ್ಕೇ ಸರಿಸಿದರೆಂಬುದು ಅದರ ತಾತ್ಪರ್ಯ. ತಪ್ಪೊಪ್ಪಿಗೆಯೇ ಕೈಸೇರಿದ ಮೇಲೆ ವಿಚಾರಣೆಯೇಕೆಂಬುದು ಈ ಪಂಡಿತರ ಧೋರಣೆ.

ಒಪ್ಪಿಕೊಂಡವರಾರೆಂದು ಮಾತ್ರ ಅವರು ಕೇಳಲೊಲ್ಲರು. ಈ ಮಾತನ್ನು ವಾಡಿಕೆಯಾಗಿ ದಿಯೊನಿಸಿಯಸ್ ಬಾರ್ ಸಲೀಬಿಯ ಹೆಸರಿನಲ್ಲಿ ಉದ್ಧರಿಸುವುದುಂಟು. ಆತನು 1171ರಲ್ಲಿ ತೀರಿಕೊಂಡವನು. ಮಾತು ಆತನದೂ ಅಲ್ಲ. ಆತನ ಗ್ರಂಥದ ಹಸ್ತಪ್ರತಿಯೊಂದರ ಅಂಚಿನಲ್ಲಿ ಅಜ್ಞಾತನೊಬ್ಬನು ಬರೆದಿಟ್ಟ ಟಿಪ್ಪಣಿಯನ್ನು ವಿದ್ವಾಂಸ ಅಸ್ಸೆಮಾನಿ 1721ರಲ್ಲಿ ಅಚ್ಚು ಹಾಕಿಸಿದನು; ಅಲ್ಲಿಂದ ಅದು ಕೈಯಿಂದ ಕೈಗೆ ಸಾಗುತ್ತ, ಅಂಚನ್ನು ಬಿಟ್ಟು ಮೂಲವನ್ನು ಸೇರಿ, ಕೆಲವರ ಲೇಖನಿಯಲ್ಲಿ ನಾಲ್ಕನೆಯ ಶತಮಾನದ ಸಿರಿಯಾ ಲೇಖಕನ ಕಣ್ಣಾರೆ ಕಂಡ ಸಾಕ್ಷ್ಯವೂ ಆಯಿತು. (ಓಲೆಗರಿಗಳ ಪ್ರಕ್ಷೇಪಗಳೊಡನೆ ಹೆಣಗಿದ ನಮ್ಮ ಸಂಪಾದಕರು ಇಂಥ ಬಡ್ತಿಯನ್ನು ಒಂದು ದಿನವೂ ಸಹಿಸುತ್ತಿರಲಿಲ್ಲ.) ಅರ್ಮೇನಿಯದ ಸಭೆ ಜನವರಿ 6ನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲವೆಂಬುದನ್ನು ನೆನೆದರೆ, ಎಂಟು ಶತಮಾನಗಳ ತರುವಾಯ ಪೂರ್ವದೇಶದ ಲಿಪಿಕಾರನೊಬ್ಬನು ದಿನ ಬದಲಿಸಿದವರ ಮೇಲೆ ಇಂಥ ಕಾರಣವನ್ನು ಹೊರಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಜವಾದ ಪ್ರಾಚೀನ ಆಧಾರ 354ರ ರೋಮನ್ ಪಂಚಾಂಗ. ಅದರ ಲೌಕಿಕ ಪಟ್ಟಿಯಲ್ಲಿ ಡಿಸೆಂಬರ್ 25ರ ಎದುರಿಗೆ ಅಜೇಯನ (ಎಂದರೆ ಸೂರ್ಯನ) ಜನ್ಮದಿನವೆಂದೂ ಮೂವತ್ತು ರಥಸ್ಪರ್ಧೆಗಳೆಂದೂ ಇದೆ. ಅದೇ ಸಂಪುಟದ ಹುತಾತ್ಮರ ಪಟ್ಟಿಯ ಮೊದಲ ನಮೂದೇ ಬೆತ್ಲೆಹೇಮಿನಲ್ಲಿ ಕ್ರಿಸ್ತನು ಜನಿಸಿದನೆಂಬುದು, ಮತ್ತು ಈ ಪಟ್ಟಿಯ ಪದರ 336ಕ್ಕೆ ಸಲ್ಲುವುದೆಂದು ವಿದ್ವಾಂಸರ ಗಣನೆ. ಔರೇಲಿಯನ್ ಚಕ್ರವರ್ತಿ 274ರಲ್ಲಿ ಸೂರ್ಯದೇವಾಲಯವನ್ನು ಪ್ರತಿಷ್ಠಿಸಿದುದು ದಿಟ. ಆ ಪ್ರತಿಷ್ಠೆ ಡಿಸೆಂಬರ್ 25ರಂದೇ ನಡೆಯಿತೆಂದು ಹೇಳುವ ಪ್ರಾಚೀನ ಗ್ರಂಥವೊಂದೂ ಇಲ್ಲ. ಹೀಗಿರುವಲ್ಲಿ 1889ರಲ್ಲಿ ವಿದ್ವಾಂಸ ಉಸೆನರ್ ಹಿಡಿದ ಸೂರ್ಯೋತ್ಸವವಾದದ ದಾರಿಯನ್ನು ರಾಜಮಾರ್ಗವೆಂದು ಭಾವಿಸುವುದು ಹೇಗೆ? ಅದೇ ವರ್ಷ ದುಷೆನ್ ಮಂಡಿಸಿದ ಲೆಕ್ಕ, ಅಂದರೆ ಮಾರ್ಚ್ 25ರ ಗರ್ಭಧಾರಣೆಗೆ ಒಂಬತ್ತು ತಿಂಗಳು ಕೂಡಿಸುವುದು, ನನಗೆ ಹೆಚ್ಚು ಯುಕ್ತವಾಗಿ ತೋರುತ್ತದೆ. ಆದರೂ ಅದಕ್ಕೆ ಬೆಂಬಲವಾಗಿ ತರುವ ಅಗಸ್ಟೀನನ ವಾಕ್ಯ ಹಬ್ಬ ನೆಲೆಗೊಂಡ ಮೇಲಿನದೆಂಬುದನ್ನು ಮುಚ್ಚಿಡಲಾಗದು.

ಐದನೆಯ ಶತಮಾನದಲ್ಲಿ ಪೋಪ್ ಲಿಯೊ, ಸಂತ ಪೇತ್ರನ ದೇವಾಲಯದ ಮೆಟ್ಟಿಲೇರಿ ಹಿಂದಿರುಗಿ ಉದಯಸೂರ್ಯನಿಗೆ ತಲೆಬಾಗುತ್ತಿದ್ದ ಭಕ್ತರನ್ನು ಗದರಿಸಿದುದುಂಟು. ಸೂರ್ಯಭಕ್ತಿ ಜನರಲ್ಲಿ ಉಳಿದಿತ್ತೆಂಬುದಕ್ಕೆ ಅದು ಸಾಕ್ಷಿ. ಹಬ್ಬದ ದಿನ ಅದರಿಂದ ಹುಟ್ಟಿತೆಂಬುದಕ್ಕಲ್ಲ. ಆ ಅಂಚುಬರಹವನ್ನಾದರೋ ಹನ್ನೆರಡನೆಯ ಶತಮಾನದ ಮತ್ತು ಅದರಿಂದೀಚಿನ ಸಿರಿಯಾಕ್ ಅಭಿಪ್ರಾಯಗಳ ಚರಿತ್ರೆಯಲ್ಲಿ ಉಲ್ಲೇಖಿಸಬಹುದು. ನಾಲ್ಕನೆಯ ಶತಮಾನದ ರೋಮಿನ ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿಲ್ಲ.