ಇಸಾಕನ ವಯಸ್ಸು: ಒಂದು ವ್ಯಾಖ್ಯಾನಪರಂಪರೆಯ ವಿಮರ್ಶೆ

ಸಾರಳು 90ರ ವಯಸ್ಸಿನಲ್ಲಿ ಇಸಾಕನನ್ನು ಹೆತ್ತು 127ರಲ್ಲಿ ಕಾಲವಾದಳೆಂದೂ, ಇಸಾಕನು 40ರಲ್ಲಿ ರೆಬೆಕ್ಕಳನ್ನು ವರಿಸಿ 60ರಲ್ಲಿ ಅವಳಿಮಕ್ಕಳಿಗೆ ತಂದೆಯಾದನೆಂದೂ ಇಷ್ಟು ಸ್ಫುಟವಾಗಿ ಲೆಕ್ಕವಿಡುವ ಬೈಬಲಿನ ಆದಿಕಾಂಡವು, ಮೊರೀಯ ಸೀಮೆಯ ಬೆಟ್ಟದಲ್ಲಿ ಅಬ್ರಹಾಮನು ಬಲಿಗಾಗಿ ತನ್ನ ಮಗನಾದ ಇಸಾಕನನ್ನು ಕಟ್ಟಿ ಯಜ್ಞವೇದಿಯ ಮೇಲೆ ಮಲಗಿಸಿದಾಗ ಆ ಮಗನಿಗೆ ಎಷ್ಟು ವರ್ಷವೆಂಬುದನ್ನು ಹೇಳದೆ ಬಿಟ್ಟಿದೆ. ರೆಬೆಕ್ಕಳ ವಯಸ್ಸನ್ನಂತೂ ಅದು ಎಲ್ಲಿಯೂ ಸೂಚಿಸಿಲ್ಲ. ಪರಸ್ಪರ ಹೆಣೆದುಕೊಂಡ ಈ ಎರಡು ಮೌನಗಳನ್ನು ಯೆಹೂದ್ಯ ವ್ಯಾಖ್ಯಾನಕಾರರು ತುಂಬಿದ ಬಗೆಯು ಪರಿಶೀಲನಾರ್ಹವಾದುದು.

ಬಲಿಯ ವೃತ್ತಾಂತವು 22ನೆಯ ಅಧ್ಯಾಯದಲ್ಲಿಯೂ ಸಾರಳ ಮರಣವು 23ನೆಯದರಲ್ಲಿಯೂ ಬರುವುದನ್ನು ಕಂಡ ಪ್ರಾಚೀನ ರಬ್ಬಿಗಳು, ಮಗನಿಗೊದಗಿದ ವಿಪತ್ತಿನ ಸುದ್ದಿಯೇ ತಾಯಿಯ ಪ್ರಾಣವನ್ನು ಕೊಂಡೊಯ್ದಿತೆಂದು ಭಾವಿಸಿ, 127ರಿಂದ 90ನ್ನು ಕಳೆದು, ಆಗ ಇಸಾಕನಿಗೆ 37 ವರ್ಷವಾಗಿತ್ತೆಂದು ನಿರ್ಣಯಿಸಿದರು. ವೃದ್ಧನಾದ ತಂದೆಗೆ ಅಂಥ ಪ್ರೌಢನನ್ನು ಬಲಾತ್ಕಾರದಿಂದ ಕಟ್ಟುವುದು ಸಾಧ್ಯವಿಲ್ಲವಾದುದರಿಂದ, ಈ ಗಣನೆಯಲ್ಲಿ ಇಸಾಕನು ಸ್ವೇಚ್ಛೆಯಿಂದಲೇ ತನ್ನನ್ನು ಅರ್ಪಿಸಿಕೊಂಡವನಾಗುತ್ತಾನೆ. ಒಂದನೆಯ ಶತಮಾನದ ಇತಿಹಾಸಕಾರನಾದ ಜೋಸೆಫಸನು 25 ವರ್ಷವೆಂದು ಬರೆದರೂ, ಸಂತೋಷದಿಂದ ವೇದಿಯತ್ತ ಧಾವಿಸುವ ಮಗನನ್ನೇ ಚಿತ್ರಿಸಿದನು.

ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಪಂಡಿತನಾದ ಇಬ್ನ್ ಎಜ್ರಾ 37ರ ಗಣನೆಗೆ ಗಂಭೀರವಾದ ಆಕ್ಷೇಪವನ್ನೆತ್ತಿದನು. ಇಸಾಕನು ಪ್ರಬುದ್ಧನಾಗಿ ತಾನೇ ಸಮ್ಮತಿಸಿದ್ದ ಪಕ್ಷದಲ್ಲಿ ಅವನ ಪುಣ್ಯವು ತಂದೆಯ ಪುಣ್ಯವನ್ನೂ ಮೀರಬೇಕಾಗಿತ್ತು. ಗ್ರಂಥವಾದರೋ ಅಬ್ರಹಾಮನನ್ನಲ್ಲದೆ ಇಸಾಕನನ್ನು ಹೊಗಳುವುದಿಲ್ಲ. ಐದು ವರ್ಷದ ಶಿಶುವೆನ್ನೋಣವೆಂದರೆ ಹೋಮದ ಕಟ್ಟಿಗೆಯನ್ನು ಹೊತ್ತು ಬೆಟ್ಟವೇರಿದವನು ಅವನೇ. ಆದುದರಿಂದ ಅವನಿಗೆ ಸುಮಾರು 13 ವರ್ಷವಿದ್ದು, ತಂದೆಯು ಬಲವಂತವಾಗಿಯೇ ಅವನನ್ನು ಕಟ್ಟಿರಬೇಕೆಂಬುದು ಇಬ್ನ್ ಎಜ್ರಾನ ಮತ.

37ರ ಗಣನೆಯ ಪರಿಣಾಮವು ರೆಬೆಕ್ಕಳ ಬಾಳಿನ ಮೇಲೆಯೂ ಬಿದ್ದಿತು. ಬಲಿಯ ಪ್ರಸಂಗವು ಮುಗಿದೊಡನೆ ಆಕೆಯ ಜನನದ ವಾರ್ತೆ ಬರುವುದರಿಂದ, ಇಸಾಕನ 40ರಲ್ಲಿ ಆಕೆಗೆ ಮೂರೇ ವರ್ಷವೆಂದು ಮಧ್ಯಯುಗದ ಯೆಹೂದ್ಯ ವ್ಯಾಖ್ಯಾನಕಾರನಾದ ರಾಶಿಯು ಬರೆದನು; ತೋಸಾಫೋತ್ ಎಂಬ ತಾಲ್ಮೂದ್ ಟಿಪ್ಪಣಿಗಳನ್ನು ರಚಿಸಿದ ವ್ಯಾಖ್ಯಾನಕಾರರು ಬೇರೊಂದು ಗಣನೆಯಿಂದ 14ನ್ನು ಸಾಧಿಸಿದರು. ಕೊಡಹೊತ್ತು ಬಾವಿಗಿಳಿದು, ಹತ್ತು ಒಂಟೆಗಳಿಗೆ ತಣಿಯುವಷ್ಟು ನೀರು ಸೇದಿ, ಹೋಗುವೆಯಾ ಎಂದು ಮನೆಯವರು ಕೇಳಿದಾಗ ಹೋಗುವೆನೆಂದು ತಾನೇ ಉತ್ತರಿಸಿದ ಕನ್ಯೆಯು ಮೂರು ವರ್ಷದವಳೆಂಬುದು 24ನೆಯ ಅಧ್ಯಾಯಕ್ಕೆ ಸರ್ವಥಾ ಹೊಂದುವುದಿಲ್ಲ. ವಾರ್ತೆಯು ಬಂದ ದಿನವೇ ಆಕೆ ಹುಟ್ಟಿದಳೆಂದು ಗ್ರಂಥವೂ ಹೇಳಿಲ್ಲ.

ಅಧ್ಯಾಯಗಳ ಸಾನ್ನಿಧ್ಯವನ್ನು ಕಾಲದ ಸಾನ್ನಿಧ್ಯವೆಂದು ಗ್ರಹಿಸಿದುದೇ ಈ ಗಣನೆಗಳ ಮೂಲದೋಷ. ಆದರೂ ಇವು ನಿರರ್ಥಕವಲ್ಲ. ಬಲಿಯಾಗಲಿದ್ದವನಿಗೆ ಸಮ್ಮತಿಯಿತ್ತೇ ಎಂಬ ಧರ್ಮಸಂದೇಹವು ಇಲ್ಲಿ ಅಂಕಗಣಿತದ ರೂಪವನ್ನು ತಾಳಿದೆ. 37, 25, 13 ಎಂಬ ಸಂಖ್ಯೆಗಳು ಇಸಾಕನ ವಯಸ್ಸಿಗಿಂತ ಮಿಗಿಲಾಗಿ, ಆ ಸಂದೇಹಕ್ಕೆ ಒಂದೊಂದು ತಲೆಮಾರು ಕೊಟ್ಟುಕೊಂಡ ಉತ್ತರವನ್ನು ನಮಗೆ ತಿಳಿಸುತ್ತವೆ.